ಜಿಂಕೆಯ ನೆಲೆ, ಒಡೆಯನ ನೆಲ

ಸುಮಾರು 20 ಜಿಂಕೆಗಳ ಸಲುವಾಗಿ 33 ನಿವೇಶನಗಳ ಬಡಾವಣೆಯೊಂದನ್ನು ತಡೆಯುವುದು ನ್ಯಾಯವೇ ಎಂಬ ಪ್ರಶ್ನೆಯು 1989ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ತಡೆದುದು ಸರಿಯೆಂದು ನ್ಯಾಯಾಲಯವು ತೀರ್ಪಿತ್ತಿತು. ಅಲ್ಪಸಂಖ್ಯೆಯ ಪ್ರಾಣಿಗಳಿಗಾಗಿ ಮನುಷ್ಯನ ಸ್ವತ್ತಿನ ಹಕ್ಕನ್ನು ಮೊಟಕುಗೊಳಿಸಿದ ಈ ತೀರ್ಪನ್ನು ಅಂದು ಹಲವರು ಹುಚ್ಚುತನವೆಂದು ಹಳಿದಿರಬಹುದು. ಮೇಲುನೋಟಕ್ಕೆ ಹಾಗೆಯೇ ತೋರುವುದೂ ಸಹಜ. ಆದರೆ ಆ ತೀರ್ಪಿನ ಹಿಂದೆ ಇನ್ನೂರು ವರ್ಷಗಳ ಒಂದು ಕಥೆಯಿದೆ. ಒಂದು ರಾಜ್ಯವು ತನ್ನ ಜಿಂಕೆಗಳನ್ನು ಕಳೆದುಕೊಂಡು, ಮರಳಿ ತಂದು, ಬೆಳೆಸಿ, ಅತಿಯಾಗಿ ಬೆಳೆಸಿ, ಕೊನೆಗೆ ತಾನು ಕಾಯಬೇಕಾದುದು ಜಿಂಕೆಯನ್ನಷ್ಟೇ ಅಲ್ಲ, ಜಿಂಕೆಯು ಚಳಿಗಾಲವನ್ನು ಕಳೆಯುವ ತಾಣವನ್ನು ಎಂದು ತಿಳಿದುಕೊಂಡ ಕಥೆಯದು. ಆ ಕಥೆಯನ್ನು ಬಲ್ಲವರಿಗೆ ತೀರ್ಪು ಹುಚ್ಚುತನವಾಗಿ ಕಾಣದು.

ವರ್ಮಾಂಟ್ ರಾಜ್ಯವು ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ತಾಗಿಕೊಂಡಿದೆ. ವಿಸ್ತಾರದಲ್ಲಿ ಅದು ನಮ್ಮ ಕರ್ನಾಟಕದ ಎಂಟನೆಯ ಒಂದು ಪಾಲಿನಷ್ಟಿದೆ. ಜನಸಂಖ್ಯೆ ಏಳು ಲಕ್ಷವನ್ನೂ ಮುಟ್ಟಿಲ್ಲ. ಉದ್ದಕ್ಕೂ ಹಸುರು ಬೆಟ್ಟಗಳ ಸಾಲು, ನಡುನಡುವೆ ಕಣಿವೆಗಳು, ಆರು ತಿಂಗಳ ಸಮೀಪದ ಚಳಿಗಾಲ. ಅಲ್ಲಿಯ ಜನ ತಮ್ಮ ಸ್ವಾತಂತ್ರ್ಯದ ವಿಷಯದಲ್ಲಿ ಬಹು ಹಟಮಾರಿಗಳು. 1777ರಲ್ಲಿ ಅವರು ರಚಿಸಿಕೊಂಡ ಸಂವಿಧಾನದಲ್ಲಿಯೇ ಬೇಲಿ ಹಾಕದ ಭೂಮಿಯಲ್ಲಿ ತಕ್ಕ ಕಾಲದಲ್ಲಿ ಬೇಟೆಯಾಡುವ ಹಕ್ಕನ್ನು ಪ್ರಜೆಗಳಿಗೆ ಕೊಟ್ಟಿತ್ತು. ಇದಾದ ಎರಡೇ ವರ್ಷಗಳಲ್ಲಿ, ಎಂದರೆ 1779ರಲ್ಲಿ, ಆ ‘ತಕ್ಕ ಕಾಲ’ ಯಾವುದಲ್ಲವೆಂಬುದನ್ನು ಶಾಸನವೇ ಹೇಳಬೇಕಾಯಿತು. ಜನವರಿಯಿಂದ ಜೂನ್‌ವರೆಗೆ ಜಿಂಕೆಯನ್ನು ಕೊಲ್ಲಬಾರದೆಂದು ವಿಧಿಸಲಾಯಿತು. ಹಿಮದಲ್ಲಿ ಸಿಲುಕಿ ಓಡಲಾರದ ಪ್ರಾಣಿಗೂ ಗರ್ಭ ಹೊತ್ತು ಮರಿಹಾಕುವ ಪ್ರಾಣಿಗೂ ಅಭಯವಿತ್ತ ಈ ನಿಯಮವನ್ನು ಮಾಡಿದವರು ವಿಜ್ಞಾನಿಗಳಲ್ಲ, ರೈತರು. ಚಳಿಗಾಲವೇ ಜಿಂಕೆಯ ದುರ್ಬಲ ಕಾಲವೆಂಬುದು ಅವರಿಗೆ ಅಂದೇ ಗೊತ್ತಿತ್ತು.

ಗೊತ್ತಿದ್ದರೂ ಫಲವಾಗಲಿಲ್ಲ. ಬಂದೂಕಿಗೆ ಕಾಲದ ಕಟ್ಟಳೆಯನ್ನು ಹಾಕಿದ ಶಾಸನವು ಕೊಡಲಿಗೆ ಯಾವ ಕಟ್ಟಳೆಯನ್ನೂ ಹಾಕಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮೆರಿನೊ ಕುರಿಯ ಉಣ್ಣೆಗೆ ಬಂದ ಬೆಲೆಯು ವರ್ಮಾಂಟಿನ ಬೆಟ್ಟಗಳನ್ನು ಬೋಳಾಗಿಸಿತು. ಕಾಡೆಲ್ಲ ಹುಲ್ಲುಗಾವಲಾಯಿತು, ಉಳಿದುದು ಸೌದೆಯಾಯಿತು, ಪೊಟ್ಯಾಷ್ ತೆಗೆಯುವ ಬೂದಿಯಾಯಿತು. ಮಳೆ ಬಂದಾಗ ಮಣ್ಣು ಹೊಳೆಗೆ ಇಳಿಯಿತು. ಇದನ್ನೆಲ್ಲ ಕಣ್ಣಾರೆ ಕಂಡು ಬೆಳೆದವನು ಅದೇ ರಾಜ್ಯದ ವುಡ್‌ಸ್ಟಾಕ್ ಊರಿನ ಜಾರ್ಜ್ ಪರ್ಕಿನ್ಸ್ ಮಾರ್ಷ್. ಮನುಷ್ಯನು ನಿಸರ್ಗವನ್ನು ಬದಲಾಯಿಸುವ ಬಗೆಯನ್ನು ಕುರಿತು ಈತ 1864ರಲ್ಲಿ ಪ್ರಕಟಿಸಿದ ‘ಮ್ಯಾನ್ ಅಂಡ್ ನೇಚರ್’ ಎಂಬ ಗ್ರಂಥವು ಇಂದಿನ ಪರಿಸರ ಚಿಂತನೆಯ ಮೂಲಗ್ರಂಥಗಳಲ್ಲಿ ಒಂದೆನಿಸಿದೆ. ಗ್ರಂಥವು ಹೊರಬಂದ ಮರುವರ್ಷ, 1865ರಲ್ಲಿ, ವರ್ಮಾಂಟಿನ ಶಾಸನಸಭೆಯು ಜಿಂಕೆಯ ಬೇಟೆಯನ್ನು ಪೂರ್ಣವಾಗಿ ನಿಷೇಧಿಸಿತು. ಅಷ್ಟು ಹೊತ್ತಿಗೆ ನಿಷೇಧಿಸಲು ಜಿಂಕೆಗಳೇ ಹೆಚ್ಚಾಗಿ ಉಳಿದಿರಲಿಲ್ಲ. ಕುದುರೆ ಕಳವಾದ ಮೇಲೆ ಲಾಯಕ್ಕೆ ಬೀಗ ಹಾಕುವ ಬುದ್ಧಿ ಶಾಸನಸಭೆಗಳಿಗೆ ಎಲ್ಲ ದೇಶಗಳಲ್ಲಿಯೂ ಸಮಾನವೆಂದು ತೋರುತ್ತದೆ.

1878ರಲ್ಲಿ ನೆರೆಯ ನ್ಯೂಯಾರ್ಕ್ ರಾಜ್ಯದಿಂದ 17 ಬಿಳಿಬಾಲದ ಜಿಂಕೆಗಳನ್ನು ತಂದು ರಾಜ್ಯದ ದಕ್ಷಿಣ ಭಾಗದ ಬೆಟ್ಟಗಳಲ್ಲಿ ಬಿಡಲಾಯಿತು. ತಂದವರು ಸರ್ಕಾರದವರಲ್ಲ, ಊರಿನ ಉತ್ಸಾಹಿಗಳು. ಕಾಲವೂ ಅನುಕೂಲವಾಗಿತ್ತು. ಉಣ್ಣೆಯ ಬೆಲೆ ಬಿದ್ದು, ರೈತರು ಪಶ್ಚಿಮದ ಫಲವತ್ತಾದ ಬಯಲುಗಳತ್ತ ಗುಳೆ ಹೋಗಿ, ಬಿಟ್ಟುಹೋದ ಹುಲ್ಲುಗಾವಲುಗಳಲ್ಲಿ ಎಳೆಯ ಕಾಡು ತಾನಾಗಿ ಎದ್ದಿತ್ತು. ತೋಳವು ಇರಲಿಲ್ಲ, ಬೆಟ್ಟದ ಸಿಂಹವೆನಿಸಿದ ಪೂಮಾ ಕೂಡ ಬಹುಮಟ್ಟಿಗೆ ಅಳಿದಿತ್ತು, ರಾಜ್ಯದ ಕೊನೆಯ ಪೂಮಾ ಎಂದು ಹೇಳಲಾಗುವ ಪ್ರಾಣಿಯನ್ನು 1881ರಲ್ಲಿ ಗುಂಡಿಟ್ಟು ಕೊಂದರು. ಶತ್ರುವಿಲ್ಲದ, ಮೇವು ತುಂಬಿದ ಕಾಡಿನಲ್ಲಿ ಜಿಂಕೆಗಳು ಬೆಳೆದವು. 1897ರಲ್ಲಿ ಮತ್ತೆ ಬೇಟೆಗೆ ಅವಕಾಶವಿತ್ತಾಗ ಆ ವರ್ಷ 103 ಗಂಡು ಜಿಂಕೆಗಳು ಬಲಿಯಾದವು. ಹೆಣ್ಣನ್ನು ಕೊಲ್ಲಬಾರದೆಂಬುದು ನಿಯಮ. ನಡುವಿನ ಕೆಲವು ವರ್ಷಗಳನ್ನು ಬಿಟ್ಟರೆ ಬಹುಕಾಲ ಈ ನಿಯಮವೇ ನಡೆದುಬಂದಿತು. ನಿಯಮವಾಗಿದ್ದುದು ಕ್ರಮೇಣ ನಂಬಿಕೆಯಾಯಿತು. ಹೆಣ್ಣು ಜಿಂಕೆಯ ಮೇಲೆ ಗುಂಡು ಹಾರಿಸುವವನು ನಾಳಿನ ಬೀಜವನ್ನೇ ತಿನ್ನುವವನೆಂದು ಹಳ್ಳಿಹಳ್ಳಿಗಳಲ್ಲಿ ಜನ ಭಾವಿಸಿದರು.

ಇಲ್ಲಿಯವರೆಗಿನ ಕಥೆಯು ಯಾರಿಗೂ ಮೆಚ್ಚುಗೆಯಾಗುವಂಥದು. ಹದಿನೇಳು ಪ್ರಾಣಿಗಳಿಂದ ಒಂದು ರಾಜ್ಯದ ಕಾಡೇ ತುಂಬಿತು ಎಂಬಲ್ಲಿಗೆ ಅನೇಕರು ಪುಸ್ತಕವನ್ನು ಮುಚ್ಚುತ್ತಾರೆ. ಕಷ್ಟದ ಅಧ್ಯಾಯವು ಅನಂತರ ಬರುತ್ತದೆ. ಅದನ್ನು ಅರಿಯಬೇಕಾದರೆ ಜಿಂಕೆಯು ಹಿಮದಲ್ಲಿ ಹೇಗೆ ಬದುಕುತ್ತದೆಂಬುದನ್ನು ಮೊದಲು ತಿಳಿಯಬೇಕು.

ಬಿಳಿಬಾಲದ ಜಿಂಕೆಯು ಮೂಲತಃ ಶೀತದೇಶದ ಪ್ರಾಣಿಯಲ್ಲ. ದಕ್ಷಿಣ ಅಮೆರಿಕದ ಉತ್ತರ ಭಾಗದಿಂದ ಕೆನಡಾದವರೆಗೆ ಹಬ್ಬಿರುವ ಈ ಜಾತಿಗೆ ವರ್ಮಾಂಟ್ ಉತ್ತರದ ಅಂಚಿನ ನೆಲೆ. ಅದರ ಕಾಲುಗಳು ಸಣ್ಣವು, ಗೊರಸು ಚೂಪು. ಹಿಮವು ಒಂದೂವರೆ ಅಡಿ ಬಿದ್ದರೆ ಎದೆಯವರೆಗೆ ಹೂತು ಒಂದೊಂದು ಹೆಜ್ಜೆಗೂ ಏದುಸಿರು ಬಿಡಬೇಕಾಗುತ್ತದೆ. ತಿನ್ನಲು ಸಿಗುವುದು ಎಲೆಯಿಲ್ಲದ ಒಣ ರೆಂಬೆ, ಮೊಗ್ಗು, ತೊಗಟೆ. ಅದರಿಂದ ಬರುವ ಶಕ್ತಿಗಿಂತ ಅದನ್ನು ಹುಡುಕಲು ತಗಲುವ ಶಕ್ತಿಯೇ ಹೆಚ್ಚು. ಆದುದರಿಂದ ಜಿಂಕೆಯು ಚಳಿಗಾಲವನ್ನು ಗಳಿಕೆಯ ಕಾಲವೆಂದಲ್ಲ, ಮಿತವ್ಯಯದ ಕಾಲವೆಂದು ಬದುಕುತ್ತದೆ. ಶರತ್ಕಾಲದಲ್ಲಿ ಕೂಡಿಟ್ಟ ಕೊಬ್ಬನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುತ್ತ, ಓಡಾಟವನ್ನು ಕಡಿಮೆ ಮಾಡಿ, ದೇಹದ ಉರಿಯನ್ನೇ ತಗ್ಗಿಸಿಕೊಂಡು ಏಪ್ರಿಲ್ ತಿಂಗಳಿಗಾಗಿ ಕಾಯುತ್ತದೆ. ಈ ಅವಧಿಯಲ್ಲಿ ದೇಹತೂಕದ ಐದನೆಯ ಒಂದು ಭಾಗದಷ್ಟು ಕರಗಿಹೋಗುವುದು ಸಾಮಾನ್ಯ. ನಮ್ಮ ನಾಡಿನ ಜಿಂಕೆಗಳಿಗೆ ಬೇಸಗೆಯ ಕೊನೆಯ ವಾರಗಳು ಹೇಗೋ, ಅಲ್ಲಿಯವಕ್ಕೆ ಚಳಿಗಾಲದ ಕೊನೆಯ ವಾರಗಳು ಹಾಗೆ. ಮೊದಲು ಸಾಯುವವು ಮರಿಗಳು.

ಈ ಮಿತವ್ಯಯಕ್ಕೆ ಒಂದು ಮನೆ ಬೇಕು. ಅದೇ ಜಿಂಕೆಯ ಚಳಿಗಾಲದ ಬೀಡು. ದಕ್ಷಿಣಕ್ಕೆ ಮುಖಮಾಡಿದ ತಗ್ಗಿನ ಇಳಿಜಾರುಗಳಲ್ಲಿ, ಹೊಳೆಯ ಪಕ್ಕದ ಕಣಿವೆಗಳಲ್ಲಿ ಹೆಮ್ಲಾಕ್, ಸ್ಪ್ರೂಸ್, ಫರ್, ಸೀಡರ್ ಎಂಬ ಸೂಜಿಯೆಲೆಯ ನಿತ್ಯಹಸುರು ಮರಗಳು ದಟ್ಟವಾಗಿ ಬೆಳೆದ ಜಾಗವದು. (ಸಾಕ್ರಟೀಸನಿಗೆ ಕುಡಿಸಿದ ವಿಷದ ಗಿಡಕ್ಕೂ ಈ ಹೆಮ್ಲಾಕ್ ಮರಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ.) ಬೀಳುವ ಹಿಮದ ಬಹುಪಾಲನ್ನು ಈ ಮರಗಳ ಕೊಂಬೆಗಳೇ ಎತ್ತಿ ಹಿಡಿಯುತ್ತವೆ. ಕೆಳಗೆ ಹಿಮ ತೆಳು, ಗಾಳಿ ಮಂದ, ರಾತ್ರಿಯ ಶೀತವೂ ತುಸು ಸೌಮ್ಯ. ಸುತ್ತಲಿನ ಹಲವು ಮೈಲಿಗಳ ಜಿಂಕೆಗಳು ಇಲ್ಲಿ ಬಂದು ಸೇರಿ, ತುಳಿದು ತುಳಿದು ಕಾಲುದಾರಿಗಳ ಜಾಲವನ್ನು ಮಾಡಿಕೊಳ್ಳುತ್ತವೆ. ಒಂದು ತುಳಿದ ದಾರಿಯಲ್ಲಿ ಇಪ್ಪತ್ತೂ ನಡೆಯುತ್ತವೆ. ತಾಯಿಯ ಹಿಂದೆ ಬಂದ ಮರಿ ತಾನು ತಾಯಿಯಾದಾಗ ಅದೇ ಬೀಡಿಗೆ ಮರಳುತ್ತದೆ. ಹೀಗೆ ಒಂದು ಬೀಡು ತಲೆಮಾರುಗಳ ತವರುಮನೆಯಾಗುತ್ತದೆ. ವರ್ಮಾಂಟಿನ ಕಾಡಿನಲ್ಲಿ ಇಂಥ ಜಾಗಗಳ ಪಾಲು ನೂರಕ್ಕೆ ಏಳೆಂಟು ಮಾತ್ರ. ವರ್ಷದ ಎಂಟು ತಿಂಗಳು ಜಿಂಕೆ ಎಲ್ಲಿ ಬೇಕಾದರೂ ಇರಬಲ್ಲುದು. ಉಳಿದ ನಾಲ್ಕು ತಿಂಗಳಿಗೆ ಅದಕ್ಕೆ ಈ ಏಳೆಂಟು ಪಾಲೇ ಗತಿ.

ಈಗ ಕಷ್ಟದ ಅಧ್ಯಾಯ. 1960ರ ದಶಕದ ಕೊನೆಯ ಹೊತ್ತಿಗೆ ವರ್ಮಾಂಟಿನ ಜಿಂಕೆಗಳ ಸಂಖ್ಯೆ ಎರಡೂವರೆ ಲಕ್ಷವನ್ನು ಮುಟ್ಟಿತ್ತೆಂದು ಅಂದಾಜು. ಕಾಡು ಅಷ್ಟನ್ನು ಪೊರೆಯಲಾರದಾಗಿತ್ತು. ಬೀಡುಗಳಲ್ಲಿ ಬಾಯಿಗೆ ಎಟುಕುವ ಎತ್ತರದವರೆಗೆ ಒಂದು ಹಸುರು ಕಡ್ಡಿಯೂ ಉಳಿಯಲಿಲ್ಲ; ಹೆಮ್ಲಾಕಿನ ಎಳೆಯ ಸಸಿ ತಲೆಯೆತ್ತುವ ಮೊದಲೇ ಮೇವಾಯಿತು. ಜಿಂಕೆಗಳ ತೂಕ ಇಳಿಯಿತು, ಗಂಡಿನ ಕೊಂಬು ಕಿರಿದಾಯಿತು. 1969–70ರ ಮತ್ತು 1970–71ರ ಎರಡು ಕಠಿಣ ಚಳಿಗಾಲಗಳು ಒಂದರ ಹಿಂದೆ ಒಂದು ಬಂದವು. ವಸಂತದಲ್ಲಿ ಹಿಮ ಕರಗಿದಾಗ ಬೀಡುಗಳಲ್ಲಿ ಕಂಡುದು ಹಸಿವಿನಿಂದ ಸತ್ತ ಜಿಂಕೆಗಳ ರಾಶಿ. ಜನರು ದೂರಿದುದು ಕಾಡಿನ ಸ್ಥಿತಿಯನ್ನಲ್ಲ, ಅದಕ್ಕೆ ಸ್ವಲ್ಪ ಮುಂಚೆ ಹೆಣ್ಣು ಜಿಂಕೆಗಳ ಬೇಟೆಗೆ ಕೊಟ್ಟಿದ್ದ ಮಿತವಾದ ಅನುಮತಿಯನ್ನು. 1970ರ ದಶಕದ ಬಹುಭಾಗ ಆ ಅನುಮತಿ ಮತ್ತೆ ದೊರೆಯಲಿಲ್ಲ. ಜಿಂಕೆಯ ಲೆಕ್ಕಾಚಾರವನ್ನು ಮತಗಳ ಲೆಕ್ಕಾಚಾರದಿಂದ ಬಿಡಿಸಬೇಕೆಂದು ಶಾಸನಸಭೆಗೇ ಅನ್ನಿಸಿ, 1979ರಲ್ಲಿ ಆ ಅಧಿಕಾರವನ್ನು ವನ್ಯಜೀವಿ ಮಂಡಳಿಗೆ ಒಪ್ಪಿಸಿತು. ತನ್ನ ಅಧಿಕಾರವನ್ನು ತಾನೇ ಬಿಟ್ಟುಕೊಡುವುದು ಶಾಸನಸಭೆಗಳಲ್ಲಿ ಅಪರೂಪ, ಇದನ್ನು ಮೆಚ್ಚಲೇಬೇಕು.

ಪ್ರಾಣಿಹಿಂಸೆಯನ್ನು ಒಪ್ಪದ ಮನೆತನಗಳಲ್ಲಿ ಬೆಳೆದ ವಾಚಕರಿಗೆ ಈ ಭಾಗವು ರುಚಿಸದಿರಬಹುದು. ರುಚಿಸಬೇಕೆಂದೂ ಇಲ್ಲ. ಬೇಟೆಯಲ್ಲಿ ಮನುಷ್ಯನು ಪಡೆಯುವ ವಿನೋದವನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಆದರೆ ಒಂದು ಸಂಗತಿಯನ್ನು ಮಾತ್ರ ಮುಚ್ಚಿಡಲಾಗದು: ತೋಳವನ್ನೂ ಪೂಮಾವನ್ನೂ ಇಲ್ಲವಾಗಿಸಿದ ಬಳಿಕ ‘ಜಿಂಕೆಯನ್ನು ಮುಟ್ಟಬೇಡಿ’ ಎಂದಷ್ಟೇ ಹೇಳಿ ಕೈತೊಳೆದುಕೊಂಡರೆ, ಆ ಜಿಂಕೆಗಳು ತಮ್ಮ ಬೀಡನ್ನು ತಾವೇ ತಿಂದು ಮಾರ್ಚ್ ತಿಂಗಳಲ್ಲಿ ಹಸಿವಿನಿಂದ ಸಾಯುತ್ತವೆ. ಗುಂಡಿನ ಸಾವು ಕಣ್ಣಿಗೆ ಕಾಣುತ್ತದೆ, ಹಿಮದಡಿಯ ಸಾವು ಕಾಣುವುದಿಲ್ಲ. ಕಾಣದಿದ್ದ ಮಾತ್ರಕ್ಕೆ ಅದು ಕರುಣೆಯಾಗಲಾರದು. ಬಡಪ್ರಾಣಿಗಳಿಗೆ ಮೇವು ಹಾಕೋಣವೆಂಬ ಸದ್ಭಾವನೆಯೂ ಇಲ್ಲಿ ನೆರವಾಗದು. ಚಳಿಗಾಲದ ಜಿಂಕೆಯ ಹೊಟ್ಟೆಯು ಒಣ ರೆಂಬೆಯನ್ನು ಅರಗಿಸಲು ಹೊಂದಿಕೊಂಡಿರುತ್ತದೆ. ಇದ್ದಕ್ಕಿದ್ದಂತೆ ಜೋಳದ ಕಾಳು ಸಿಕ್ಕರೆ ಹುಳಿಯೇರಿ, ತುಂಬಿದ ಹೊಟ್ಟೆಯಲ್ಲಿಯೇ ಸಾಯುವುದುಂಟು. ಜೊತೆಗೆ ಒಂದೇ ಕಡೆ ಗುಂಪುಗೂಡಿದ ಪ್ರಾಣಿಗಳಲ್ಲಿ ರೋಗ ಬೇಗ ಹರಡುತ್ತದೆ. ಈ ಕಾರಣಗಳಿಂದ ವರ್ಮಾಂಟಿನಲ್ಲಿ ಜಿಂಕೆಗೆ ಮೇವು ಹಾಕುವುದು ಕಾನೂನಿಗೆ ವಿರುದ್ಧ. ಅನ್ನದಾನಕ್ಕೆ ದಂಡ ವಿಧಿಸುವ ಕಾನೂನೆಂದು ನಗಬಹುದು, ಆದರೆ ಜಿಂಕೆಗೆ ಬೇಕಾದುದು ಅನ್ನವಲ್ಲ, ಆಸರೆ.

ಆಸರೆಯನ್ನು ಕಾಯುವ ಶಾಸನವು ಬಂದ ದಾರಿ ಸ್ವಾರಸ್ಯವಾದುದು. ಅದು ಜಿಂಕೆಯ ಹೆಸರಿನಲ್ಲಿ ಬರಲಿಲ್ಲ. 1960ರ ದಶಕದಲ್ಲಿ ಹೊಸ ಹೆದ್ದಾರಿಗಳು ವರ್ಮಾಂಟನ್ನು ಬಾಸ್ಟನ್ನಿಗೂ ನ್ಯೂಯಾರ್ಕಿಗೂ ಕೆಲವೇ ಗಂಟೆಗಳ ಹಾದಿಯಾಗಿಸಿದವು. ಹಿಮದ ಮೇಲೆ ಜಾರಿ ಆಡಲು ಬರುವ ನಗರವಾಸಿಗಳಿಗಾಗಿ ಬೆಟ್ಟದ ಮೈಮೇಲೆ ವಿಹಾರಗೃಹಗಳು ಏಳತೊಡಗಿದವು. ರಾಜ್ಯದ ದಕ್ಷಿಣದ ಸ್ಟ್ರಾಟನ್ ಮತ್ತು ವಿನ್‌ಹಾಲ್ ಊರುಗಳ ಆಸುಪಾಸಿನಲ್ಲಿ ಸುಮಾರು 20,000 ಎಕರೆಯಲ್ಲಿ ಬಡಾವಣೆ ಮಾಡಲು ಒಂದು ದೊಡ್ಡ ಕಾಗದದ ಕಂಪನಿಯು ಹೊರಟಾಗ ಜನ ಬೆಚ್ಚಿದರು. ತೆಳ್ಳನೆಯ ಮಣ್ಣಿನ ಇಳಿಜಾರುಗಳಲ್ಲಿ ಅಷ್ಟು ಮನೆಗಳ ಕೊಳಚೆ ಎಲ್ಲಿಗೆ ಹೋಗಬೇಕು? ಅಂದಿನ ಗವರ್ನರ್ ಡೀನ್ ಡೇವಿಸ್ ವ್ಯಾಪಾರ ವಲಯದಿಂದ ಬಂದವರು, ವಿಮಾ ಸಂಸ್ಥೆಯೊಂದರ ಅಧ್ಯಕ್ಷರಾಗಿದ್ದವರು, ಸಂಪ್ರದಾಯಶೀಲ ಪಕ್ಷದವರು. ಆದಾಗ್ಯೂ 1970ರಲ್ಲಿ ‘ಆಕ್ಟ್ 250’ ಎಂದು ಪ್ರಸಿದ್ಧವಾದ ಭೂ ಬಳಕೆಯ ಶಾಸನವು ಅವರ ಮುಂದಾಳುತನದಲ್ಲಿಯೇ ಅಂಗೀಕಾರವಾಯಿತು. ದೊಡ್ಡ ನಿರ್ಮಾಣವನ್ನು ಕೈಗೊಳ್ಳುವವರು ನೀರು, ಗಾಳಿ, ಮಣ್ಣು, ರಸ್ತೆ, ಶಾಲೆ ಮುಂತಾದ ಹತ್ತು ಮಾನದಂಡಗಳಿಗೆ ಒಳಪಟ್ಟು ಜಿಲ್ಲಾ ಆಯೋಗದಿಂದ ಪರವಾನಗಿ ಪಡೆಯಬೇಕೆಂಬುದು ಅದರ ತಿರುಳು. ಆಯೋಗದಲ್ಲಿ ಕೂರುವವರು ಅಧಿಕಾರಿಗಳಲ್ಲ, ಅದೇ ಜಿಲ್ಲೆಯ ನಾಗರಿಕರು.

1973ರಲ್ಲಿ ಎಂಟನೆಯ ಮಾನದಂಡಕ್ಕೆ ವನ್ಯಜೀವಿಗಳ ಅಗತ್ಯ ನೆಲೆಯನ್ನು ಕುರಿತ ಒಂದು ಉಪವಿಧಿ ಸೇರಿತು. ಪ್ರಾಣಿಯ ಉಳಿವಿಗೆ ಅದರ ಬಾಳಿನ ಯಾವುದೇ ಒಂದು ಅವಧಿಯಲ್ಲಿ ನಿರ್ಣಾಯಕವಾಗಿರುವ, ಗುರುತಿಸಿ ತೋರಿಸಬಹುದಾದ ನೆಲೆಯೇ ಅಗತ್ಯ ನೆಲೆ ಎಂಬ ಅರ್ಥದ ವ್ಯಾಖ್ಯೆಯನ್ನು ಶಾಸನವು ಕೊಡುತ್ತದೆ. ‘ಯಾವುದೇ ಒಂದು ಅವಧಿಯಲ್ಲಿ’ ಎಂಬ ಮಾತನ್ನು ಬರೆದವರು ಜಿಂಕೆಯನ್ನು ಬಲ್ಲವರು. ಬೇಸಗೆಯಲ್ಲಿ ಆ ಜಾಗಕ್ಕೆ ಹೋದವನಿಗೆ ಒಂದು ಜಿಂಕೆಯೂ ಕಾಣಸಿಗದೆ ಹೋಗಬಹುದು. ಅದು ಖಾಲಿ ಕಾಡೆಂದು ಅವನು ಪ್ರಮಾಣ ಮಾಡಿ ಹೇಳಬಹುದು. ಶಾಸನವು ಫೆಬ್ರವರಿಯಲ್ಲಿ ಹೋಗಿ ನೋಡೆನ್ನುತ್ತದೆ.

ಹಾಗೆಂದು ಈ ಉಪವಿಧಿಯು ಕುರುಡು ನಿಷೇಧವಲ್ಲ. ನೆಲೆ ನಾಶವಾಗುತ್ತದೆಂದು ತೋರಿಸುವ ಹೊಣೆ ಯೋಜನೆಯನ್ನು ವಿರೋಧಿಸುವವರದು. ಅಷ್ಟು ತೋರಿಸಿದರೂ ಸಾಲದು. ಯೋಜನೆಯಿಂದ ಸಾರ್ವಜನಿಕರಿಗೆ ದೊರೆಯುವ ಲಾಭವು ನೆಲೆಯ ನಷ್ಟವನ್ನು ಮೀರುವುದಿಲ್ಲವೆಂದೋ, ನಷ್ಟವನ್ನು ತಗ್ಗಿಸುವ ಕ್ರಮಗಳನ್ನು ಅರ್ಜಿದಾರನು ಕೈಕೊಂಡಿಲ್ಲವೆಂದೋ, ಅವನಿಗೆ ಬೇರೆಡೆ ಒಪ್ಪತಕ್ಕ ಜಾಗವಿದೆಯೆಂದೋ ಇವುಗಳಲ್ಲಿ ಒಂದನ್ನು ಸಾಬೀತುಪಡಿಸಬೇಕು. ಮನುಷ್ಯನಿಗೂ ಜಿಂಕೆಗೂ ನಡುವೆ ತಕ್ಕಡಿಯನ್ನು ಹಿಡಿದ ಶಾಸನವಿದು. ತಟ್ಟೆ ಮೊದಲೇ ವಾಲಿಲ್ಲ.

ಆರಂಭದಲ್ಲಿ ಹೇಳಿದ ಮೊಕದ್ದಮೆಯು ಎದ್ದುದು ಈ ವಿಧಿಯ ಮೇಲೆ, ಅದೂ ಸ್ಟ್ರಾಟನ್ನಿನಲ್ಲಿಯೇ. ಸೌತ್‌ವ್ಯೂ ಎಂಬ ಸಂಸ್ಥೆಯು ಅಲ್ಲಿಯ 88 ಎಕರೆಯಲ್ಲಿ ವಿಹಾರಗೃಹಗಳಿಗಾಗಿ 33 ನಿವೇಶನಗಳನ್ನು ಮಾಡಲು ಅರ್ಜಿ ಹಾಕಿತು. ಆ ನೆಲವು 280 ಎಕರೆಯ ಒಂದು ಜಿಂಕೆಬೀಡಿನ ಭಾಗ. 1960ರ ದಶಕದ ಕೊನೆಯಲ್ಲಿ 600 ಎಕರೆಗೂ ಮೀರಿದ್ದ ಬೀಡು ಅಲ್ಲೊಂದು ಇಲ್ಲೊಂದು ನಿರ್ಮಾಣದಿಂದ ಸವೆದು ಅಷ್ಟಕ್ಕೆ ಇಳಿದಿತ್ತು. ಸುತ್ತಲಿನ 10.7 ಚದರ ಮೈಲಿಗಳಲ್ಲಿ ಉಳಿದಿದ್ದ ಬೀಡು ಅದೊಂದೇ. ಅದನ್ನು ನಂಬಿದ್ದ ಜಿಂಕೆಗಳು ಸುಮಾರು ಇಪ್ಪತ್ತು. ಪರವಾನಗಿ ನಿರಾಕರಣೆಯಾಯಿತು. ಸಂಸ್ಥೆಯ ವಾದ ಸರಳವಾಗಿತ್ತು, ಪ್ರಬಲವೂ ಆಗಿತ್ತು: ರಾಜ್ಯದಲ್ಲಿ ಲಕ್ಷಕ್ಕೂ ಮೀರಿ ಜಿಂಕೆಗಳಿರುವಾಗ ಈ ಇಪ್ಪತ್ತು ಇಲ್ಲವಾದರೆ ಜಾತಿಯ ಉಳಿವಿಗೆ ಬರುವ ಕೊರತೆಯೇನು? ಈ ಬೀಡು ‘ನಿರ್ಣಾಯಕ’ ಹೇಗಾದೀತು?

ನ್ಯಾಯಾಲಯವು ಈ ವಾದವನ್ನು ಒಪ್ಪಲಿಲ್ಲ. ಅಳತೆಗೋಲು ರಾಜ್ಯದ ಒಟ್ಟು ಸಂಖ್ಯೆಯಲ್ಲ, ಆ ನೆಲೆಯನ್ನು ಅವಲಂಬಿಸಿರುವ ಪ್ರಾಣಿಗಳ ಉಳಿವು ಎಂದಿತು. ಸಂಸ್ಥೆಯ ವಾದವನ್ನು ಒಪ್ಪಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ತೀರ್ಪಿನ ವಿವೇಕವು ತಿಳಿಯುತ್ತದೆ. ಒಂದು ಬೀಡು ಹೋದರೆ ಜಾತಿ ಅಳಿಯದು; ಎರಡನೆಯದು ಹೋದರೂ ಅಳಿಯದು; ನೂರನೆಯದರ ಬಗ್ಗೆಯೂ ಅದೇ ಮಾತನ್ನು ಹೇಳಬಹುದು. ಕೊನೆಯ ಬೀಡಿನವರೆಗೆ ಯಾವ ಬೀಡೂ ‘ನಿರ್ಣಾಯಕ’ವಾಗುವುದಿಲ್ಲ. 600 ಎಕರೆಯನ್ನು 280ಕ್ಕೆ ಇಳಿಸಿದುದು ಇದೇ ತರ್ಕ. ಯಾವ ಒಬ್ಬನೂ ಬೀಡನ್ನು ನಾಶಮಾಡಿರಲಿಲ್ಲ. ಪ್ರತಿಯೊಬ್ಬನೂ ಸ್ವಲ್ಪವೇ ತೆಗೆದುಕೊಂಡಿದ್ದನು. ನಮ್ಮ ಊರುಗಳ ಕೆರೆಯಂಗಳಗಳೂ ಗೋಮಾಳಗಳೂ ಕರಗಿದ ಬಗೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೋತ ಸಂಸ್ಥೆಯು ಒಕ್ಕೂಟ ಸರ್ಕಾರದ ನ್ಯಾಯಾಲಯಗಳಿಗೂ ಹೋಯಿತು. ಅಲ್ಲಿ ಅದು ಹೂಡಿದ ವಾದವೊಂದು ನಗೆಯನ್ನೂ ಚಿಂತನೆಯನ್ನೂ ಒಟ್ಟಿಗೆ ತರಿಸುವಂಥದು: ಸರ್ಕಾರವು ಪರಿಹಾರ ಕೊಡದೆ ತನ್ನ ಭೂಮಿಯನ್ನು ಜಿಂಕೆಗಳ ಸ್ವಾಧೀನಕ್ಕೆ ಒಪ್ಪಿಸಿದೆ, ಇದು ಸ್ವತ್ತಿನ ಭೌತಿಕ ಆಕ್ರಮಣ! 1992ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಇದನ್ನು ತಳ್ಳಿಹಾಕಿತು. ಭೂಮಿಯಲ್ಲಿ ಓಡಾಡುವ, ಇತರರನ್ನು ಹೊರಗಿಡುವ, ಮಾರುವ ಹಕ್ಕುಗಳು ಒಡೆಯನಲ್ಲಿಯೇ ಉಳಿದಿವೆ. ಯೋಜನೆಯನ್ನು ಬದಲಾಯಿಸಿ ಬೇರೆ ಅರ್ಜಿ ಹಾಕುವ ದಾರಿಯೂ ಮುಚ್ಚಿಲ್ಲ ಎಂಬುದು ಅದರ ಅಭಿಪ್ರಾಯದ ಸಾರ. ಕಾನೂನಿನ ಸೂಕ್ಷ್ಮಗಳನ್ನು ಬದಿಗಿಟ್ಟು ನೋಡಿದರೂ ಪ್ರಶ್ನೆಯೊಂದು ಉಳಿಯುತ್ತದೆ: ಆ ನೆಲಕ್ಕೆ ಯಾರು ಮೊದಲು ಬಂದವರು?

ಭೂಮಾಲಿಕನ ಸಂಕಟವನ್ನು ಹಗುರವಾಗಿ ಕಾಣುವುದು ಮಾತ್ರ ತಪ್ಪು. ವರ್ಮಾಂಟಿನ ಕಾಡಿನ ಬಹುಪಾಲು ಖಾಸಗಿಯವರದು, ಅವರಲ್ಲಿ ಹೆಚ್ಚಿನವರು ಸಾಮಾನ್ಯ ಕುಟುಂಬಗಳು. ಸಮಾಜದ ಸಂತೋಷಕ್ಕಾಗಿ ಒಬ್ಬನ ಗದ್ದೆಯ ಬೆಲೆ ಇಳಿದರೆ ಆ ಭಾರವನ್ನು ಅವನೊಬ್ಬನೇ ಏಕೆ ಹೊರಬೇಕು ಎಂಬ ಪ್ರಶ್ನೆ ನ್ಯಾಯವಾದುದು. ಇದಕ್ಕೆ ಅರ್ಧ ಉತ್ತರವನ್ನು ಅದೇ ಶಾಸನಸಭೆಯು 1978ರಲ್ಲಿ ಕೊಟ್ಟಿತು. ಕನಿಷ್ಠ 25 ಎಕರೆಯ ಕಾಡನ್ನು ಒಪ್ಪಿತ ಯೋಜನೆಯಂತೆ ಕಾಡಾಗಿಯೇ ಉಳಿಸಿಕೊಳ್ಳುವವನಿಗೆ, ಮನೆಕಟ್ಟುವವರು ಕೊಡಬಹುದಾದ ಬೆಲೆಯ ಮೇಲಲ್ಲ, ಕಾಡಿನ ಉತ್ಪನ್ನದ ಬೆಲೆಯ ಮೇಲೆ ಕಂದಾಯ ಹಾಕುವ ಕ್ರಮವಿದು. ಜಿಂಕೆಯ ಪಾಲಿಗೆ ಈ ಕಂದಾಯದ ಶಾಸನವು ನಿಷೇಧದ ಶಾಸನದಷ್ಟೇ ಉಪಕಾರಿ. ಕಂದಾಯದ ಹೊರೆಯಿಂದ ಕಾಡನ್ನು ತುಂಡುಮಾಡಿ ಮಾರಬೇಕಾದವನಿಗೆ ದಂಡದ ಭಯವನ್ನು ಎಷ್ಟು ತೋರಿಸಿದರೇನು? ಎರಡೂ ಶಾಸನಗಳನ್ನು ಕೂಡಿಸಿ ಓದಿದಾಗಲೇ ವರ್ಮಾಂಟಿನ ನೀತಿ ಪೂರ್ಣವಾಗಿ ಕಾಣುತ್ತದೆ.

ಲೋಪಗಳೂ ಉಂಟು, ಸಣ್ಣವಲ್ಲ. ನಿವೇಶನವೆಂದರೆ ಹತ್ತು ಎಕರೆಗಿಂತ ಕಿರಿದಾದುದೆಂದು ಮೂಲ ಶಾಸನವು ಬರೆದಿದ್ದರಿಂದ, ಹತ್ತಕ್ಕೆ ಕೂದಲೆಳೆಯಷ್ಟು ಮೀರಿದ ನಿವೇಶನಗಳನ್ನು ಮಾಡಿ ಮಾರುವವರು ಹೊರಟರು. ಸಂಕ್ಷಿಪ್ತವಾಗಿ ಮುಗಿಯಬಹುದಾಗಿದ್ದ ಹಾನಿ ಇದರಿಂದ ಇನ್ನಷ್ಟು ಕಾಡಿಗೆ ಹರಡಿತು. ಈ ಕಿಂಡಿಯನ್ನು ಮುಚ್ಚಲು 1984ರವರೆಗೆ ಕಾಯಬೇಕಾಯಿತು. ಸಮುದ್ರಮಟ್ಟದಿಂದ 2,500 ಅಡಿಗಿಂತ ಕೆಳಗಿನ ಮರಕಡಿತಕ್ಕೆ ಆಕ್ಟ್ 250ರ ಪರವಾನಗಿಯೇ ಬೇಡ. ಜಿಂಕೆಯ ಬೀಡುಗಳಿರುವುದೋ ಬಹುತೇಕ ಅದಕ್ಕಿಂತ ಕೆಳಗೆ. ಹತ್ತಕ್ಕಿಂತ ಕಡಿಮೆ ನಿವೇಶನಗಳ ಸಣ್ಣ ವಿಭಜನೆಗಳೂ ಬಹುಕಾಲ ಹಿಡಿತಕ್ಕೆ ಸಿಗಲಿಲ್ಲ. 2024ರಲ್ಲಿ ಈ ಶಾಸನವನ್ನು ವ್ಯಾಪಕವಾಗಿ ತಿದ್ದಿದಾಗ ಊರೊಳಗಿನ ಮನೆಕಟ್ಟುವಿಕೆಗೆ ಸಡಿಲಿಕೆ, ಕಾಡು ತುಂಡಾಗುವುದರ ಮೇಲೆ ಹೊಸ ಗಮನ ಎರಡೂ ಬಂದವು. ದಿಕ್ಕು ಸರಿಯಾದುದೇ. ಜನರಿಗೆ ಮನೆ ಬೇಕೆಂಬುದೂ ಸತ್ಯ. ಮನೆಗಳು ಊರಿನಲ್ಲಿ ಒತ್ತಾಗಿ ಎದ್ದರೆ ಕಾಡಿನ ಮೇಲಿನ ಒತ್ತಡವು ಇಳಿಯುತ್ತದೆ.

ನಮ್ಮ ದೇಶದಲ್ಲಿ ಹಿಮದ ಜಿಂಕೆಯ ಪ್ರಶ್ನೆಯೇ ಇಲ್ಲವೆಂದು ತಿಳಿಯಬಾರದು. ಕಾಶ್ಮೀರದ ಹಂಗುಲ್ ಎಂಬ ಕೆಂಜಿಂಕೆಯು ಚಳಿಗಾಲದಲ್ಲಿ ಎತ್ತರದ ಹುಲ್ಲುಗಾವಲುಗಳಿಂದ ಶ್ರೀನಗರದ ಸಮೀಪದ ಕೆಳ ದಾಚಿಗಾಮ್ ಕಣಿವೆಗೆ ಇಳಿಯುತ್ತದೆ. 1940ರ ದಶಕದಲ್ಲಿ ಸಾವಿರಗಳಲ್ಲಿದ್ದ ಹಂಗುಲ್ 1970ರ ಹೊತ್ತಿಗೆ ನೂರೈವತ್ತರ ಆಸುಪಾಸಿಗೆ ಕುಸಿದಿತ್ತು. 1978ರಲ್ಲಿ ಆ ರಾಜ್ಯವು ತನ್ನದೇ ವನ್ಯಜೀವಿ ಸಂರಕ್ಷಣಾ ಶಾಸನವನ್ನು ಮಾಡಿತು. 1981ರಲ್ಲಿ 141 ಚದರ ಕಿಲೋಮೀಟರಿನ ದಾಚಿಗಾಮ್ ರಾಷ್ಟ್ರೀಯ ಉದ್ಯಾನವಾಯಿತು. 2019ರ ಪುನರ್ವ್ಯವಸ್ಥೆಯ ಬಳಿಕ ರಾಜ್ಯದ ಶಾಸನ ಹೋಗಿ ಕೇಂದ್ರದ 1972ರ ಶಾಸನವು ಅಲ್ಲಿಗೆ ಅನ್ವಯವಾಯಿತು. ಆದರೆ ಕೆಳ ದಾಚಿಗಾಮಿನೊಳಗೆ ದಶಕಗಳ ಕಾಲ ಸರ್ಕಾರದ್ದೇ ಕುರಿಸಾಕಣೆಯ ಕೇಂದ್ರವು ನಡೆಯುತ್ತಿತ್ತು. ಬೇಟೆಗಾರನನ್ನು ಹೊರಗಿಟ್ಟ ಕೈಯೇ ಕುರಿಯನ್ನು ಒಳಗೆ ಬಿಟ್ಟಿತ್ತು. 2023ರ ಗಣತಿಯಲ್ಲಿ ಕಂಡ ಹಂಗುಲ್‌ಗಳು 289. ವರ್ಮಾಂಟಿನ ಒಡೆಯನಾದರೋ ಖಾಸಗಿ ಸಂಸ್ಥೆ. ಇಲ್ಲಿ ನೆಲದ ಒಡೆಯ ಸರ್ಕಾರವೇ. ಒಡೆತನ ಯಾರದೆಂಬುದಕ್ಕಿಂತ ಚಳಿಗಾಲದ ನೆಲೆಯನ್ನು ನೆಲೆಯೆಂದು ಗುರುತಿಸುವ ಮನಸ್ಸಿದೆಯೇ ಎಂಬುದೇ ಮುಖ್ಯವೆಂಬುದಕ್ಕೆ ಈ ಉದಾಹರಣೆ ಸಾಕು.

ವರ್ಮಾಂಟಿಗೆ ಈಗ ಬೇರೊಂದು ಬಗೆಯ ಅತಿಥಿ ಬಂದಿದೆ. ಹೆಮ್ಲಾಕ್ ಮರದ ರಸವನ್ನು ಹೀರಿ ಕೆಲವೇ ವರ್ಷಗಳಲ್ಲಿ ಅದನ್ನು ಒಣಗಿಸುವ, ಬಿಳಿಯ ಉಣ್ಣೆಯಂತೆ ಎಲೆಬುಡದಲ್ಲಿ ಕಾಣುವ ಏಷ್ಯಾ ಮೂಲದ ಕೀಟವೊಂದು 2007ರಲ್ಲಿ ರಾಜ್ಯದ ಆಗ್ನೇಯ ಭಾಗದಲ್ಲಿ ಪತ್ತೆಯಾಯಿತು. ಕಡು ಚಳಿಯು ಈ ಕೀಟವನ್ನು ಕೊಲ್ಲುತ್ತದೆ; ಚಳಿಗಾಲಗಳು ಸೌಮ್ಯವಾದಷ್ಟೂ ಅದು ಉತ್ತರಕ್ಕೆ ಸಾಗುತ್ತದೆ. ಸೌಮ್ಯ ಚಳಿಗಾಲದಲ್ಲಿ ಜಿಂಕೆಗೆ ಬೀಡಿನ ಅಗತ್ಯ ಕಡಿಮೆಯಲ್ಲವೇ, ಇನ್ನು ಈ ಶಾಸನವೇಕೆ ಎಂದು ಕೇಳುವವರು ಹುಟ್ಟಿಕೊಂಡರೆ ಆಶ್ಚರ್ಯವಿಲ್ಲ. ಅವರಿಗೆ ಅಲ್ಲಿಯ ವನ್ಯಜೀವಿ ಇಲಾಖೆಯ ಹಳೆಯ ಲೆಕ್ಕದ ಪುಸ್ತಕವನ್ನು ತೋರಿಸಬಹುದು. ಡಿಸೆಂಬರ್ ಮೊದಲ ದಿನದಿಂದ ಏಪ್ರಿಲ್ ಮಧ್ಯದವರೆಗೆ ಹಿಮವು 18 ಅಂಗುಲವಿದ್ದ ಪ್ರತಿ ದಿನಕ್ಕೆ ಒಂದು ಅಂಕ, ಉಷ್ಣತೆಯು ಸೊನ್ನೆ ಫ್ಯಾರನ್‌ಹೀಟಿಗೆ ಇಳಿದ ಪ್ರತಿ ದಿನಕ್ಕೆ ಇನ್ನೊಂದು ಅಂಕ ಎಂದು ಚಳಿಗಾಲದ ಕಾಠಿಣ್ಯವನ್ನು ಅಳೆಯುವ ಕ್ರಮ ಅವರದು. ಹತ್ತು ಸೌಮ್ಯ ವರ್ಷಗಳ ನಡುವೆ ಒಂದು ಕಠಿಣ ವರ್ಷ ಬಂದರೂ ಆ ಒಂದು ವರ್ಷದಲ್ಲಿ ಸಾಯುವ ಜಿಂಕೆಗೆ ಸರಾಸರಿಯ ಲೆಕ್ಕದಿಂದ ಪ್ರಯೋಜನವಿಲ್ಲ. ಹೆಮ್ಲಾಕ್ ತೋಪು ನೆರಳು ಕೊಡುವಷ್ಟು ಬೆಳೆಯಲು ಮನುಷ್ಯನ ಆಯುಸ್ಸು ಸಾಲದು.

ಇನ್ನು ನಕ್ಷೆಗಳ ವಿಷಯ. ಬೀಡುಗಳನ್ನು ಗುರುತಿಸಿದ ನಕ್ಷೆಗಳಲ್ಲಿ ಅನೇಕವು 1970ರ ಮತ್ತು 1980ರ ದಶಕಗಳಲ್ಲಿ ತಯಾರಾದವು. ಕಾಡು ಅಂದಿನಿಂದ ಬದಲಾಗಿದೆ. ಕೆಲವು ಬೀಡುಗಳು ಹೋಗಿವೆ, ಬೇರೆ ಕಡೆ ಎಳೆಯ ಸೂಜಿಯೆಲೆ ಕಾಡು ಬೆಳೆದಿದೆ. ಆಕಾಶದಿಂದ ತೆಗೆದ ಚಿತ್ರಗಳು ಹಸುರು ಎಲ್ಲಿದೆಯೆಂದು ತೋರಿಸುತ್ತವೆ, ಜಿಂಕೆ ಎಲ್ಲಿದೆಯೆಂದು ತೋರಿಸವು. ಅದಕ್ಕೆ ಯಾರಾದರೂ ಫೆಬ್ರವರಿಯ ಹಿಮದಲ್ಲಿ ಹಿಮಪಾದುಕೆ ತೊಟ್ಟು ನಡೆದುಹೋಗಿ, ಕಚ್ಚಿ ಮುರಿದ ರೆಂಬೆಯ ತುದಿಯನ್ನೂ, ಮರದ ಬುಡದಲ್ಲಿ ಮಲಗೆದ್ದ ಗುಣಿಯನ್ನೂ, ತುಳಿದ ದಾರಿಯಲ್ಲಿ ಬಿದ್ದ ಹಿಕ್ಕೆಯನ್ನೂ ನೋಡಿ ಗುರುತು ಹಾಕಿಕೊಂಡು ಬರಬೇಕು. ಶಾಸನದ ತಕ್ಕಡಿಗೆ ಹಾಕಬೇಕಾದ ಸಾಕ್ಷ್ಯ ಅಲ್ಲಿಂದಲೇ ಬರಬೇಕಾಗಿದೆ.